ಬರಹ ಒಂದೇ, ಉಚ್ಚಾರ ಎರಡು: ಫ್ರೆಂಚ್ ಓದಿನ ದೋಷ ನಿವಾರಣೆ ಕೈಪಿಡಿ

ಫ್ರೆಂಚ್ ಪಾಠ ಶುರುವಾದ ಹೊಸತರಲ್ಲಿ ಎಲ್ಲ ಸಲೀಸು. ಕೊನೆಯ ವ್ಯಂಜನ ನುಂಗಬೇಕು, ಎರಡಕ್ಷರ ಸೇರಿದರೆ ಇಂಥ ಸ್ವರ ಎಂಬ ನಿಯಮಗಳು ಕೈಗೆ ಬರುತ್ತವೆ, ಪುಟ ನೋಡಿ ಗಟ್ಟಿಯಾಗಿ ಓದುವ ಧೈರ್ಯವೂ ಬರುತ್ತದೆ. ಅಷ್ಟರಲ್ಲಿ ‘ಲೆ ಪೂಲ್ ದ್ಯು ಕುವಾಂ ಕೂವ್’ ಎಂಬ ವಾಕ್ಯ ಎದುರಾಗುತ್ತದೆ. ‘ಕಾನ್ವೆಂಟಿನ ಕೋಳಿಗಳು ಕಾವಿಗೆ ಕೂತಿವೆ’ ಎಂದರ್ಥ. ಕೊನೆಯ ಎರಡು ಪದಗಳ ಕಾಗುಣಿತ ಅಕ್ಷರವೂ ಬದಲಾಗದೆ ಒಂದೇ: ಸಿ-ಒ-ಯು-ವಿ-ಇ-ಎನ್-ಟಿ. ಮೊದಲನೆಯದು ಕುವಾಂ, ಎರಡನೆಯದು ಕೂವ್.

ಕನ್ನಡದಲ್ಲಿಯೂ ಒಂದೇ ಬರಹಕ್ಕೆ ಎರಡು ಅರ್ಥದ ಪದಗಳಿವೆ. ‘ಹತ್ತು’ ಸಂಖ್ಯೆಯೂ ಹೌದು, ಮರ ಹತ್ತುವುದೂ ಹೌದು. ‘ಅರಸು’ ರಾಜನೂ ಹೌದು, ಹುಡುಕುವುದೂ ಹೌದು. ಆದರೆ ಅರ್ಥ ಯಾವುದಾದರೂ ಬಾಯಿಗೆ ಕೆಲಸ ಒಂದೇ. ಹಾಗಾಗಿ ಮೊದಲು ಉಚ್ಚರಿಸಿ ಆಮೇಲೆ ಅರ್ಥ ಹುಡುಕುವುದು ನಮಗೆ ಅಭ್ಯಾಸ. ಫ್ರೆಂಚ್‌ನಲ್ಲಿ ಈ ಜಾತಿಯ ಪದಗಳಿಗೆ ಈ ಕ್ರಮ ತಿರುಗುಮುರುಗು: ಪದ ವಾಕ್ಯದಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ತಿಳಿದ ಮೇಲಷ್ಟೇ ಬಾಯಿ ತೆರೆಯಬೇಕು. ಕೆಳಗಿನ ಹೆಚ್ಚಿನ ದೋಷಗಳ ಬೇರು ಇದೇ.

ಮೊದಲು ಒಂದು ಎಚ್ಚರಿಕೆ: ಇಲ್ಲಿಯ ಕನ್ನಡ ಬರಹದ ಬಗ್ಗೆ

ಕನ್ನಡ ಲಿಪಿ ಫ್ರೆಂಚ್ ದನಿಗಳನ್ನು ಪೂರ್ತಿ ಹಿಡಿಯಲಾರದು. ಇಲ್ಲಿ ‘ಆಂ’, ‘ಒಂ’ ಎಂದು ಬರೆದಲ್ಲಿ ತುಟಿ ಮುಚ್ಚಬೇಡಿ, ನಾಲಿಗೆಯನ್ನೂ ಎಲ್ಲಿಗೂ ತಾಗಿಸಬೇಡಿ. ಹಿಂದಿಯವರು ‘ಹಾಂ’ ಎಂದು ಒಪ್ಪಿಗೆ ಸೂಚಿಸುವಾಗ ಮೂಗಿನಲ್ಲಿ ಬರುವ ಸ್ವರವಿದೆಯಲ್ಲ, ಅಷ್ಟೇ ಸಾಕು. ಮನೆಮಾತು ಕೊಂಕಣಿಯಾದವರಿಗೆ ಈ ಮೂಗಿನ ಸ್ವರ ಆಗಲೇ ಬಾಯಲ್ಲಿದೆ. ‘ಯು’ ಎಂದು ಬರೆದಲ್ಲಿ ನಾಲಿಗೆ ‘ಇ’ಗೆ, ತುಟಿ ‘ಉ’ಗೆ. ಟ, ಡ ಎಲ್ಲೂ ಬಳಸಿಲ್ಲ. ಫ್ರೆಂಚ್‌ನ ‘ಟಿ’, ‘ಡಿ’ ಅಕ್ಷರಗಳ ದನಿ ನಮ್ಮ ತ, ದಗಳಿಗೇ ಹತ್ತಿರ. ಇಂಗ್ಲಿಷ್ ಮೂಲಕ ಫ್ರೆಂಚ್‌ಗೆ ಹೋಗುವವರು ಈ ಸುಲಭದ ಲಾಭವನ್ನು ಕಳೆದುಕೊಳ್ಳುತ್ತಾರೆ. ಚುಕ್ಕಿ ಇರುವ ‘ಜ಼’ ಜ಼ೀಬ್ರಾದ ಜ಼. ‘ಝ’ ಎಂದು ಬರೆದಲ್ಲಿ ಇಂಗ್ಲಿಷಿನ ‘ಮೆಝರ್’ (ಅಳತೆ) ಪದದ ನಡುವಿನ ದನಿ.

ಲಕ್ಷಣ: ಊಟದ ಮೇಜಿನಲ್ಲಿ ಮೀನು ಕೇಳಿದರೆ ಎದುರಿನವರು ನಗುತ್ತಾರೆ

ಪರೀಕ್ಷೆ ಅಗ್ಗದ್ದು. ಪದದ ನಡುವೆ ಎಷ್ಟು ‘ಎಸ್’ ಇವೆ, ಎಣಿಸಿ. ಎರಡು ಸ್ವರಗಳ ನಡುವೆ ಒಂದೇ ಎಸ್ ಇದ್ದರೆ ಜ಼, ಎರಡಿದ್ದರೆ ಸ. ಮೀನು ಪ್ವಾಸೊಂ, ಎರಡು ಎಸ್. ಒಂದು ಎಸ್ ಬಿಟ್ಟರೆ ಪ್ವಾಜ಼ೊಂ, ಅಂದರೆ ವಿಷ. ಊಟದ ಕೊನೆಯ ಸಿಹಿ ದೆಸೇರ್, ಮರುಭೂಮಿ ದೆಜ಼ೇರ್. ತಲೆದಿಂಬಿನಂಥ ಮೆತ್ತೆ ಕುಸ್ಯಾಂ, ಚಿಕ್ಕಪ್ಪನ ಮಗ ಕುಜ಼್ಯಾಂ.

ಜ಼ ಮತ್ತು ಜ ನಡುವೆ ನಮ್ಮಲ್ಲಿ ಹಲವರು ವ್ಯತ್ಯಾಸ ಮಾಡುವುದಿಲ್ಲ, ಫ್ರೆಂಚರ ಕಿವಿಗೆ ಅದು ಬೇರೆ ವ್ಯಂಜನವಾಗಿಯೇ ಕೇಳುತ್ತದೆ. ಸ ಎನ್ನುತ್ತಾ ಗಂಟಲಿನ ಮೇಲೆ ಬೆರಳಿಟ್ಟು ನೋಡಿ. ಕಂಪನವಿಲ್ಲದಿದ್ದರೆ ಸ, ನಾಲಿಗೆ ಅಲ್ಲೇ ಇದ್ದು ಕಂಪನ ಬಂದರೆ ಜ಼.

ಎಚ್ಚರಿಕೆ: ‘ತಗ್ಗಿಸು’ ಎಂಬರ್ಥದ ಬೆಸೆ ಪದಕ್ಕೆ ಎರಡು ಎಸ್. ಒಂದೇ ಎಸ್ ಇರುವ ಬೆಜ಼ೆ ನಾಮಪದವಾಗಿ ‘ಮುತ್ತು’. ಅದನ್ನೇ ಕ್ರಿಯಾಪದ ಮಾಡಿದರೆ ಇಂದಿನ ಮಾತಿನಲ್ಲಿ ಅಶ್ಲೀಲ. ಮುತ್ತು ಕೊಡುವುದಕ್ಕೆ ಆಂಬ್ರಾಸೆ ಎಂಬ ಬೇರೆ ಪದವಿದೆ. ‘ಸಂಗೀತದ ಸದ್ದು ಸ್ವಲ್ಪ ತಗ್ಗಿಸಿ’ ಎಂದು ಪಕ್ಕದ ಮನೆಯವರನ್ನು ಕೇಳುವ ಮುನ್ನ ಮನೆಯಲ್ಲಿ ನಾಲ್ಕು ಸಲ ಹೇಳಿ ನೋಡುವುದು ಒಳ್ಳೆಯದು.

ಲಕ್ಷಣ: ಮೆನು, ಫಲಕ, ಮೊಬೈಲ್ ಸಂದೇಶ ಓದಿದರೆ ಅರ್ಥ ವಿಚಿತ್ರವಾಗಿದೆ

ಸ್ವರಗಳ ತಲೆಯ ಮೇಲಿನ ಗೆರೆ ಉದುರಿಹೋಗಿದೆಯೇ ನೋಡಿ. ದೊಡ್ಡಕ್ಷರದಲ್ಲಿ ಬರೆಯುವಾಗ, ಅವಸರದಲ್ಲಿ ಸಂದೇಶ ಕಳಿಸುವಾಗ ಹಲವರು ಗೆರೆ ಹಾಕುವುದಿಲ್ಲ. ದೊಡ್ಡಕ್ಷರಕ್ಕೂ ಗೆರೆ ಬೇಕೆಂದು ಫ್ರೆಂಚ್ ಅಕಾಡೆಮಿ ಹೇಳುತ್ತದೆ, ಅಂಗಡಿ ಫಲಕ ಬರೆಯುವವರು ಎಲ್ಲರೂ ಕೇಳಬೇಕಲ್ಲ. ಕೊನೆಯ ‘ಇ’ಗೆ ಗೆರೆ ಇದ್ದರೆ ಎ ಎಂದು ನುಡಿಯಬೇಕು, ಇಲ್ಲದಿದ್ದರೆ ಅದು ಮೌನ. ಹಾಗಾಗಿ ಗೆರೆ ಹೋದರೆ ದನಿಯ ಜೊತೆಗೆ ಅರ್ಥವೂ ಹೋಗುತ್ತದೆ:

- ಸಾಲೆ, ಉಪ್ಪು ಹಾಕಿದ್ದು. ಗೆರೆ ತೆಗೆದರೆ ಸಾಲ್, ಕೊಳಕು. ‘ಉಪ್ಪುಬೆಣ್ಣೆ’ ಎಂಬ ಫಲಕ ‘ಕೊಳಕು ಬೆಣ್ಣೆ’ ಆಗುವುದು ಹೀಗೆ.
- ತ್ಯುಎ, ಕೊಲ್ಲಲ್ಪಟ್ಟ. ಗೆರೆ ತೆಗೆದರೆ ತ್ಯು, ಕೊಲ್ಲುತ್ತಾನೆ. ಸುದ್ದಿಯ ತಲೆಬರಹದಲ್ಲಿ ಸತ್ತವನೇ ಕೊಂದವನಾಗುತ್ತಾನೆ.
- ಮಾರ್ಶೆ, ಸಂತೆ. ಗೆರೆ ತೆಗೆದರೆ ಮಾರ್ಶ್, ನಡಿಗೆ ಅಥವಾ ಮೆಟ್ಟಿಲು.
- ಪೆಶೆ, ಪಾಪ. ಗೆರೆಗಳು ಬದಲಾದರೆ ಪೆಶ್, ಪೀಚ್ ಹಣ್ಣು. ಮೀನುಗಾರಿಕೆಗೂ ಇದೇ ಪದ.

ಸಸ್ಯಾಹಾರಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಪಿ-ಎ-ಟಿ-ಇ ಎಂಬ ನಾಲ್ಕಕ್ಷರದಲ್ಲಿ ಎರಡು ತಿನಿಸು ಅಡಗಿವೆ. ‘ಎ’ ಮೇಲೆ ಮಾತ್ರ ಟೊಪ್ಪಿಗೆಯಂಥ ಗೆರೆ ಇದ್ದರೆ ಪಾತ್, ಕಲಸಿದ ಹಿಟ್ಟು. ಅದರ ಬಹುವಚನ ಪಾಸ್ತಾ. ಕೊನೆಯ ‘ಇ’ಗೂ ಗೆರೆ ಇದ್ದರೆ ಪಾತೆ, ಅದು ಸಾಮಾನ್ಯವಾಗಿ ಅರೆದ ಮಾಂಸದ ತಿನಿಸು. ಫಲಕದಲ್ಲಿ ಗೆರೆಯೇ ಇಲ್ಲದಿದ್ದರೆ ಊಹೆ ಬೇಡ, ಕೇಳಿ ತಿನ್ನಿ.

ಗೆರೆಗಳನ್ನು ಕಡಿಮೆ ಮಾಡುವ ಪ್ರಯತ್ನವೂ ಆಗಿದೆ. 1990ರ ಕಾಗುಣಿತ ಸುಧಾರಣೆ ‘ಐ’ ಮತ್ತು ‘ಯು’ ಮೇಲಿನ ಟೊಪ್ಪಿಗೆಯನ್ನು ಬಹುತೇಕ ಕಡೆ ಐಚ್ಛಿಕ ಮಾಡಿತು. ಆದರೆ ಅರ್ಥ ಕೆಡುವ ಕಡೆ ಅದನ್ನು ಉಳಿಸಿತು. ‘ಯುವ’ ಎಂಬ ಪದಕ್ಕೂ ‘ಉಪವಾಸ’ ಎಂಬ ಪದಕ್ಕೂ ನಡುವೆ ಇರುವುದು ಆ ಟೊಪ್ಪಿಗೆಯೊಂದೇ. ಸ್ವರದ ವ್ಯತ್ಯಾಸ ಬಹಳ ಸಣ್ಣದು, ಆರಂಭದಲ್ಲಿ ಕಿವಿಗೆ ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಲಕ್ಷಣ: ಕ್ರಿಯಾಪದದ ಕೊನೆಯಲ್ಲಿ ‘ಆಂ’ ಸೇರಿಕೊಳ್ಳುತ್ತಿದೆ

ಕನ್ನಡಿಗರಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ಕಾರಣವೂ ನಮ್ಮ ಮನೆಯದೇ. ‘ಓದುತ್ತಾರೆ’, ‘ಬರುತ್ತವೆ’ ಎನ್ನುವಾಗ ಬಹುವಚನ ಗೊತ್ತಾಗುವುದೇ ಕೊನೆಯ ಪ್ರತ್ಯಯದಿಂದ, ಅದನ್ನು ನುಂಗಿದರೆ ವಾಕ್ಯ ಮುರಿಯುತ್ತದೆ. ಫ್ರೆಂಚ್‌ನಲ್ಲಿ ‘ಅವರು’ ಎಂಬ ಕರ್ತೃವಿಗೆ ಹೊಂದುವ ಇ-ಎನ್-ಟಿ ಪ್ರತ್ಯಯ ಬರಹದಲ್ಲಿ ಮಾತ್ರ ಇದೆ, ಬಾಯಲ್ಲಿ ಇಲ್ಲ. ‘ಅವನು ಮಾತಾಡುತ್ತಾನೆ’ ಇಲ್ ಪಾರ್ಲ್, ‘ಅವರು ಮಾತಾಡುತ್ತಾರೆ’ ಕೂಡ ಇಲ್ ಪಾರ್ಲ್. ಅದೇ ಮೂರಕ್ಷರ ನಾಮಪದ, ವಿಶೇಷಣಗಳ ಕೊನೆಗೆ ಬಂದರೆ ‘ಆಂ’ ಎಂದು ಕೇಳಿಸುತ್ತದೆ. ಒಂದೇ ಕಾಗುಣಿತದಲ್ಲಿ ಎರಡೂ ಇರುವ ಪದಗಳಲ್ಲಿ ಗೊಂದಲ ಹುಟ್ಟುತ್ತದೆ:

- ಪ್ರೆಜ಼ಿದಾಂ, ಅಧ್ಯಕ್ಷ. ಪ್ರೆಜ಼ಿದ್, ಅಧ್ಯಕ್ಷತೆ ವಹಿಸುತ್ತಾರೆ.
- ಕೊಂತಾಂ, ಖುಷಿಯಾಗಿರುವವ. ಕೊಂತ್, ಕಥೆ ಹೇಳುತ್ತಾರೆ.
- ಎಕ್ಸೆಲಾಂ, ಅತ್ಯುತ್ತಮ. ಎಕ್ಸೆಲ್, ಮಿಂಚುತ್ತಾರೆ.
- ನೆಗ್ಲಿಝಾಂ, ಅಜಾಗರೂಕ. ನೆಗ್ಲೀಝ್, ಕಡೆಗಣಿಸುತ್ತಾರೆ.
- ಅಫ್ಲ್ಯುಆಂ, ಉಪನದಿ. ಅಫ್ಲ್ಯು, ದಂಡುಗಟ್ಟಿ ಬರುತ್ತಾರೆ.

ಪರೀಕ್ಷೆ ಒಂದು: ಎಡಗಡೆಯ ಪದ ನೋಡಿ. ಲ, ಅಂ, ದ್ಯು, ಮೊಂ ಥರದ ಏಕವಚನದ ಗುರುತು ಇದ್ದರೆ ನಾಮಪದ, ಆಂ ಎನ್ನಿ. ‘ಇಲ್’ ಅಥವಾ ‘ಎಲ್’ ಬಹುವಚನದ ಎಸ್ ಹೊತ್ತು ನಿಂತಿದ್ದರೆ ಕ್ರಿಯಾಪದ, ಬಾಯಿ ಮುಚ್ಚಿ.

ಪರೀಕ್ಷೆ ಎರಡು: ಸುತ್ತಲೂ ಬಹುವಚನವಿದ್ದರೆ ಪದದ ಕೊನೆಗೆ ಎಸ್ ಇದೆಯೇ ನೋಡಿ. ಕಾನ್ವೆಂಟುಗಳು, ಅಧ್ಯಕ್ಷರು ಎನ್ನಬೇಕಾದರೆ ‘ಟಿ’ ಆದ ಮೇಲೆ ಎಸ್ ಇರಲೇಬೇಕು. ಬಹುವಚನದ ನಡುವೆ, ಎಡಕ್ಕೆ ‘ದ್ಯು’ವಿನಂಥ ಏಕವಚನದ ಗುರುತೂ ಇಲ್ಲದೆ, ಎಸ್ ಕೂಡ ಇಲ್ಲದೆ ಬರೇ ಇ-ಎನ್-ಟಿ ನಿಂತಿದ್ದರೆ ಅದು ನಾಮಪದವಾಗುವುದು ಸಾಧ್ಯವೇ ಇಲ್ಲ. ‘ಅವರು ಖುಷಿಯಾಗಿದ್ದಾರೆ’ ಎಂಬಲ್ಲಿ ಕೊಂತಾಂಗೆ ಎಸ್ ಇದೆ, ‘ಅವರು ಕಥೆ ಹೇಳುತ್ತಾರೆ’ ಎಂಬಲ್ಲಿ ಕೊಂತ್‌ಗೆ ಇಲ್ಲ. ನನ್ನ ಲೆಕ್ಕದಲ್ಲಿ ಈ ಪರೀಕ್ಷೆಯೇ ಮೊದಲಿನದಕ್ಕಿಂತ ಗಟ್ಟಿ. ಏಕೆಂದರೆ ಎಡಗಡೆಯ ‘ಲೆ’ ಕೆಲವೊಮ್ಮೆ ಮೋಸ ಮಾಡುತ್ತದೆ. ‘ಕೋಳಿಗಳು ಅವುಗಳಿಗೆ ಕಾವು ಕೊಡುತ್ತವೆ’ ಎಂಬ ವಾಕ್ಯದಲ್ಲಿ ಕ್ರಿಯಾಪದದ ಎಡಕ್ಕೆ ಇರುವ ‘ಲೆ’ಗೆ ‘ಅವುಗಳನ್ನು’ ಎಂಬ ಅರ್ಥ, ನಾಮಪದಕ್ಕೂ ಅದಕ್ಕೂ ಸಂಬಂಧವಿಲ್ಲ.

ಪರೀಕ್ಷೆ ಮೂರು, ಸ್ವಲ್ಪ ಕಷ್ಟದ್ದು: ‘ಇಲ್’ಗೆ ಎಸ್ ಇಲ್ಲದಿದ್ದರೆ? ಸಿ-ಒ-ಎನ್-ವಿ-ಐ-ಇ-ಎನ್-ಟಿ ಎಂಬ ಪದ ‘ಅವನು’ ಜೊತೆಗೆ ಬಂದರೆ ಕೊಂವಿಯ್ಯಾಂ, ‘ಸರಿಹೊಂದುತ್ತದೆ’. ‘ಅವರು’ ಜೊತೆಗೆ ಬಂದರೆ ಕೊಂವಿ, ‘ಆಹ್ವಾನಿಸುತ್ತಾರೆ’. ಎರಡೂ ಕ್ರಿಯಾಪದಗಳೇ, ಮೂಲ ಧಾತು ಬೇರೆ. ಇಲ್ಲಿ ಸುಳಿವು ಇರುವುದು ಕರ್ತೃವಿನ ಒಂದು ಎಸ್‌ನಲ್ಲಿ ಮಾತ್ರ.

ಎಂ-ಇ-ಎನ್-ಟಿಯಿಂದ ಮುಗಿಯುವುದೆಲ್ಲ ‘ಮಾಂ’ ಎಂದು ಯಾರಾದರೂ ಹೇಳಿಕೊಟ್ಟಿದ್ದರೆ ಆ ನಿಯಮವನ್ನು ಅರ್ಧ ಮಾತ್ರ ನಂಬಿ. ‘ನಿಧಾನವಾಗಿ’ ಎಂಬ ಲಾಂತಮಾಂ ಹಾಗೆ ಮುಗಿಯುತ್ತದೆ. ‘ಪ್ರೀತಿಸುತ್ತಾರೆ’ ಎಂಬ ಎಮ್, ‘ಮಲಗುತ್ತಾರೆ’ ಎಂಬ ದೊರ್ಮ್ ಹಾಗಲ್ಲ.

ಎಚ್ಚರಿಕೆ: ವಿ-ಐ-ಒ-ಎಲ್-ಇ-ಎನ್-ಟಿ ವಿಶೇಷಣವಾದರೆ ವಿಯೊಲಾಂ, ಹಿಂಸಾತ್ಮಕ. ಕ್ರಿಯಾಪದವಾದರೆ ವಿಯೊಲ್, ಕಾನೂನಿನ ಜೊತೆ ಬಂದಾಗ ‘ಉಲ್ಲಂಘಿಸುತ್ತಾರೆ’, ವ್ಯಕ್ತಿಯ ಜೊತೆ ಬಂದಾಗ ‘ಅತ್ಯಾಚಾರ ಎಸಗುತ್ತಾರೆ’. ಸುದ್ದಿಯನ್ನು ಅನುವಾದಿಸುವವರು ಈ ಪದ ಕಂಡಾಗ ಎರಡು ಸಲ ನೋಡಬೇಕು.

ಇಷ್ಟು ಗೊಂದಲ ಹೇಗೆ ಬಂತು? ಕಾನ್ವೆಂಟಿನ ಕುವಾಂ ಲ್ಯಾಟಿನ್‌ನ ಕೊನ್ವೆಂಟುಸ್‌ನಿಂದ, ಕಾವು ಕೊಡುವ ಕೂವ್ ಲ್ಯಾಟಿನ್‌ನ ಕುಬಾರೆಯಿಂದ ಇಳಿದು ಬಂದವು. ಬೇರೆ ಬೇರೆ ವಂಶ, ಕಾಗುಣಿತದಲ್ಲಿ ಬಂದು ಒಂದೇ ಮನೆ ಸೇರಿದವು.

ಲಕ್ಷಣ: ‘ನಾವು ಹೊರುತ್ತಿದ್ದೆವು’ ಎನ್ನಲು ಹೋಗಿ ‘ನಾವು ಪಾಲುಗಳು’ ಎಂದಾಗುತ್ತಿದೆ

ಪಿ-ಒ-ಆರ್-ಟಿ-ಐ-ಒ-ಎನ್-ಎಸ್. ಊಟದ ಪಾಲುಗಳಾದರೆ ಪೊರ್ಸ್ಯೊಂ, ‘ಹೊರುತ್ತಿದ್ದೆವು’ ಆದರೆ ಪೊರ್ತ್ಯೊಂ. ಎಡಕ್ಕೆ ‘ನು’, ಅಂದರೆ ‘ನಾವು’ ಇದೆಯೇ ನೋಡಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು. ಇಲ್ಲಿ ಕೊನೆಯ ಎಸ್ ಸಹಾಯಕ್ಕೆ ಬರುವುದಿಲ್ಲ, ಎರಡಕ್ಕೂ ಅದಿದೆ. ನೊಸ್ಯೊಂ ಪರಿಕಲ್ಪನೆಗಳು, ನೊತ್ಯೊಂ ಬರೆದುಕೊಳ್ಳುತ್ತಿದ್ದೆವು. ಎದಿಸ್ಯೊಂ ಆವೃತ್ತಿಗಳು, ಎದಿತ್ಯೊಂ ಪ್ರಕಟಿಸುತ್ತಿದ್ದೆವು. ಒಪ್ಸ್ಯೊಂ ಆಯ್ಕೆಗಳು, ಒಪ್ತ್ಯೊಂ ಆರಿಸಿಕೊಳ್ಳುತ್ತಿದ್ದೆವು.

ನಾಮಪದದಲ್ಲಿ ಲ್ಯಾಟಿನ್‌ನಿಂದ ಬಂದ ‘ಟಿ’ ಕಾಲಕ್ರಮದಲ್ಲಿ ಸ ಆಗಿ ಮೆತ್ತಗಾಯಿತು. ಕ್ರಿಯಾಪದದಲ್ಲಿ ‘ಟಿ’ ಧಾತುವಿನ ಸ್ವಂತದ್ದು, ಅದಕ್ಕೆ ‘ಯೊಂ’ ಎಂಬ ಪ್ರತ್ಯಯ ಅಂಟಿದೆ, ಆದ್ದರಿಂದ ತ ಉಳಿಯಿತು. ‘ಟಿ’ಗೆ ಮುಂಚೆ ಎಸ್ ಇದ್ದರೆ ನಾಮಪದದಲ್ಲೂ ತ ಉಳಿಯುತ್ತದೆ: ಪ್ರಶ್ನೆಗೆ ಕೆಸ್ತ್ಯೊಂ.

ಲಕ್ಷಣ: ಕೊನೆಯ ಎಸ್ ಹೇಳಿದರೂ ತಪ್ಪು, ನುಂಗಿದರೂ ತಪ್ಪು

ಸಣ್ಣ ಪದಗಳ ಒಂದು ಗುಂಪಿನಲ್ಲಿ ಕಣ್ಣು ಮುಚ್ಚಿ ಬಳಸಬಹುದಾದ ಸೂತ್ರವಿದೆ: ನಾಮಪದವಾದರೆ ಎಸ್ ಕೇಳಿಸಲಿ, ‘ನಾನು’, ‘ನೀನು’ಗಳ ಕ್ರಿಯಾಪದವಾದರೆ ನುಂಗಿ. ವಿಸ್ ತಿರುಪುಮೊಳೆ, ವಿ ಬದುಕಿದ್ದೇನೆ. ಲಿಸ್ ಲಿಲ್ಲಿ ಹೂವು, ಲಿ ಓದುತ್ತೇನೆ. ಬ್ಯುಸ್ ಬಸ್ಸು, ಬ್ಯು ಕುಡಿದೆ. ಆಸ್ ಇಸ್ಪೀಟಿನ ಎಕ್ಕ, ಆ ನಿನ್ನ ಬಳಿ ಇದೆ. ಸಾಂಸ್ ಅರ್ಥ ಅಥವಾ ದಿಕ್ಕು, ಸಾಂ ನನಗೆ ಅನಿಸುತ್ತದೆ.

‘ಆರ್’ನಲ್ಲೂ ಇದೇ ಕಥೆ. ಎಫ್-ಐ-ಇ-ಆರ್ ವಿಶೇಷಣವಾದರೆ ಫ್ಯೆರ್, ಹೆಮ್ಮೆಯುಳ್ಳವ. ‘ನಂಬು’ ಎಂಬ ಕ್ರಿಯಾಪದವಾದರೆ ಫ್ಯೆ.

ಎಫ್-ಐ-ಎಲ್-ಎಸ್ ಮಾತ್ರ ಈ ಸೂತ್ರಕ್ಕೆ ಸಿಗುವುದಿಲ್ಲ, ಎರಡೂ ನಾಮಪದಗಳು. ಫಿಸ್ ಅಂದರೆ ಮಗ, ಲ್ಯಾಟಿನ್‌ನ ಫಿಲಿಯುಸ್‌ನಿಂದ. ಫಿಲ್ ಅಂದರೆ ದಾರಗಳು, ತಂತಿಗಳು, ಲ್ಯಾಟಿನ್‌ನ ಫಿಲುಂನಿಂದ. ಮೊದಲು ವಚನ ನೋಡಿ. ಒಂದು ದಾರಕ್ಕೆ ಎಸ್ ಇಲ್ಲವೇ ಇಲ್ಲ. ಆದ್ದರಿಂದ ‘ನನ್ನ’, ‘ಒಂದು’ ಎಂಬ ಏಕವಚನದ ಪದದ ಮುಂದೆ ಎಸ್ ಸಹಿತ ಬಂದರೆ ಅದು ಮಗನೇ. ಬಹುವಚನದಲ್ಲಿ ಪಕ್ಕದ ಪದಗಳನ್ನು ಕೇಳಬೇಕು. ವಿದ್ಯುತ್ತಿನ ವಿಷಯವಾದರೆ ತಂತಿ, ಆಸ್ತಿಯ ವಿಷಯವಾದರೆ ಗಂಡುಮಕ್ಕಳು.

ಇ-ಎಸ್-ಟಿ: ‘ಇದ್ದಾನೆ’ ಆದರೆ ಎ, ಪೂರ್ವ ದಿಕ್ಕಾದರೆ ಎಸ್ತ್. ಮುಂದಿನ ಪದ ಸ್ವರದಿಂದ ಶುರುವಾದರೆ ‘ಇದ್ದಾನೆ’ಯ ಕೊನೆಯಲ್ಲೂ ತ ಇಣುಕುತ್ತದೆ: ಇಲ್ ಎತಿಸಿ, ಅವನು ಇಲ್ಲಿದ್ದಾನೆ. ಸ, ತ ಎರಡೂ ಕೇಳಿಸಿದರೆ ಮಾತ್ರ ಪೂರ್ವ. ಈ ದಿಕ್ಕಿನ ಹೆಸರು ಫ್ರೆಂಚಿಗೆ ಇಂಗ್ಲಿಷಿನಿಂದ ಬಂದ ಸಾಲ. ತಂದವರು ಕೊನೆಯ ವ್ಯಂಜನಗಳನ್ನೂ ಜೊತೆಗೇ ತಂದರು.

ಲಕ್ಷಣ: ‘ಇನ್ನೂ ಬೇಕು’ ಎಂದರೆ ತಟ್ಟೆ ಎತ್ತಿಕೊಂಡು ಹೋಗುತ್ತಾರೆ

ಪಿ-ಎಲ್-ಯು-ಎಸ್. ಹೆಚ್ಚು ಕಾಲ ಕಾಡುವ ಪದ ಇದೇ, ಏಕೆಂದರೆ ಎರಡು ಅರ್ಥಗಳು ಒಂದಕ್ಕೊಂದು ತದ್ವಿರುದ್ಧ: ‘ಇನ್ನಷ್ಟು’ ಮತ್ತು ‘ಇನ್ನಿಲ್ಲ’. ಬರಹದಲ್ಲಿ ‘ಇನ್ನಿಲ್ಲ’ಕ್ಕೆ ‘ನ’ ಎಂಬ ನಿಷೇಧದ ಪದ ಜೊತೆಗಿರುತ್ತದೆ. ಆಡುಮಾತಿನಲ್ಲಿ ಆ ‘ನ’ ಬಹುಪಾಲು ಬಿದ್ದುಹೋಗುತ್ತದೆ. ಆಗ ಉಳಿಯುವ ವ್ಯತ್ಯಾಸ ಒಂದೇ ಒಂದು ಸ. ಝಾಂ ವೊ ಪ್ಲ್ಯುಸ್, ಇನ್ನಷ್ಟು ಬೇಕು. ಝಾಂ ವೊ ಪ್ಲ್ಯು, ಇನ್ನು ಸಾಕು.

ವಾಕ್ಯದ ಕೊನೆಯಲ್ಲಿ ‘ಹೆಚ್ಚು’ ಎಂಬ ಅರ್ಥವಿದ್ದರೆ ಸ ಹೇಳಿ. ಗಣಿತದ ಕೂಡುವಿಕೆಗೂ ಪ್ಲ್ಯುಸ್. ವಿಶೇಷಣದ ಮುಂಚೆ ‘ಹೆಚ್ಚು ದೊಡ್ಡ’ ಎನ್ನುವಾಗ ಸ ಇಲ್ಲ, ಪ್ಲ್ಯು ಗ್ರಾಂ. ಆ ವಿಶೇಷಣ ಸ್ವರದಿಂದ ಶುರುವಾದರೆ ಪ್ಲ್ಯುಜ಼್. ನಿಷೇಧವಾದರೆ ಸ ಎಂದೂ ಇಲ್ಲ. ಊಟದ ಮನೆಯಲ್ಲಿ ಇಷ್ಟೆಲ್ಲ ನೆನಪಾಗದಿದ್ದರೆ ‘ಇನ್ನೂ’ ಎಂಬರ್ಥದ ಆಂಕೋರ್ ಬಳಸಿ, ಹಸಿವಿನಿಂದ ಏಳುವ ಅಪಾಯವಿಲ್ಲ.

ಬೇಕರಿ ಬಾಗಿಲಲ್ಲಿ ‘ಪ್ಲ್ಯು ದ ಪ್ಯಾಂ’ ಎಂದು ಚೀಟಿ ಅಂಟಿಸಿದ್ದರೆ ಬ್ರೆಡ್ ಖಾಲಿ. ಕಾಗದದ ಮೇಲೆ ಅದನ್ನೇ ‘ಇನ್ನಷ್ಟು ಬ್ರೆಡ್’ ಎಂದೂ ಓದಬಹುದು, ಖಾಲಿ ಕಪಾಟು ನೋಡಿ ತಿಳಿದುಕೊಳ್ಳಬೇಕಷ್ಟೆ.

ಇದರ ತಮ್ಮ ಟಿ-ಒ-ಯು-ಎಸ್ ಅಷ್ಟು ತಂಟೆಕೋರನಲ್ಲ. ಹಿಂದೆ ನಾಮಪದವನ್ನು ಎಳೆದುಕೊಂಡು ಬಂದರೆ ತು: ‘ಎಲ್ಲ ದಿನ’ ತು ಲೆ ಝೂರ್. ತಾನೇ ‘ಎಲ್ಲರೂ’ ಎಂದು ಒಬ್ಬಂಟಿಯಾಗಿ ನಿಂತರೆ ತುಸ್.

ಲಕ್ಷಣ: ಉಚ್ಚಾರ ಸರಿಯಿದೆ, ಆದರೂ ಅರ್ಥ ಕೂಡುತ್ತಿಲ್ಲ

ಹಾಗಾದರೆ ಲಿಂಗ ನೋಡಿ. ಪುಲ್ಲಿಂಗದ ‘ಲ ಲಿವ್ರ್’ ಪುಸ್ತಕ, ಸ್ತ್ರೀಲಿಂಗದ ‘ಲಾ ಲಿವ್ರ್’ ಪೌಂಡು. ‘ಲ ತೂರ್’ ಸುತ್ತು, ‘ಲಾ ತೂರ್’ ಗೋಪುರ. ಐಫೆಲ್ ಗೋಪುರ ಸ್ತ್ರೀಲಿಂಗ. ‘ಲ ಮಾಂಶ್’ ಹಿಡಿಕೆ, ‘ಲಾ ಮಾಂಶ್’ ಅಂಗಿಯ ತೋಳು. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲ್ಗಾಲುವೆಗೂ ಫ್ರೆಂಚರು ಇದೇ ತೋಳಿನ ಹೆಸರನ್ನು ಇಟ್ಟಿದ್ದಾರೆ.

ಪದ ಹುಡುಕಿದರೂ ನಿಘಂಟು ಕೈಕೊಟ್ಟರೆ ದೋಷ ಬೇರೆ ಕಡೆ ಇರಬಹುದು. ಮುದ್ರಿತ ನಿಘಂಟಿನಲ್ಲಿ ಕುವಾಂ ಸಿಗುತ್ತದೆ, ಕೂವ್ ಸಿಗುವುದಿಲ್ಲ. ಅದು ಮೂಲರೂಪ ಕುವೆ ಎಂಬ ನಮೂದಿನ ಅಡಿಯಲ್ಲಿದೆ. ಕೊನೆಯ ಇ-ಎನ್-ಟಿ ಕಿತ್ತು ಇ-ಆರ್ ಹಚ್ಚಿ ಮತ್ತೆ ಹುಡುಕಿ. ಮೊಬೈಲಿನ ಉಚ್ಚಾರ ಯಂತ್ರಕ್ಕೆ ಒಂಟಿ ಪದ ಕೊಟ್ಟು ತೀರ್ಪು ಕೇಳಬೇಡಿ. ವಾಕ್ಯವಿಲ್ಲದೆ ಅದು ಎರಡರಲ್ಲಿ ಒಂದನ್ನು ಆರಿಸಿ ಹೇಳುತ್ತದೆ, ಇನ್ನೊಂದಿದೆ ಎಂದು ತಿಳಿಸುವುದಿಲ್ಲ. ಇಡೀ ವಾಕ್ಯ ಕೊಡಿ.

ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

ಎಡಗಡೆಯ ಪದ, ಕೊನೆಯ ಎಸ್, ತಲೆಯ ಗೆರೆ, ಲಿಂಗ ಎಲ್ಲ ನೋಡಿಯೂ ಎರಡು ಅರ್ಥ ಉಳಿದರೆ ವಾಕ್ಯವೇ ದ್ವಂದ್ವಾರ್ಥದ್ದು, ನಿಮ್ಮ ಓದು ಸರಿಯಾಗಿದೆ. ‘ನೇಕಾರ ತನ್ನ ಎಫ್-ಐ-ಎಲ್-ಎಸ್ ಕಳೆದುಕೊಂಡ’ ಎಂದು ಬಹುವಚನದಲ್ಲಿ ಅಷ್ಟೇ ಬರೆದಿದ್ದರೆ ಅವನು ಕಳೆದುಕೊಂಡದ್ದು ದಾರಗಳನ್ನೋ ಮಕ್ಕಳನ್ನೋ ಫ್ರೆಂಚರಿಗೂ ತಿಳಿಯದು. ಬರೆದವರನ್ನೇ ಕೇಳಬೇಕು.

ಕಿವಿಗೆ ವ್ಯತ್ಯಾಸವೇ ಸಿಗದಿದ್ದರೆ, ಅಂದರೆ ಪ್ವಾಸೊಂ ಮತ್ತು ಪ್ವಾಜ಼ೊಂ ಒಂದೇ ರೀತಿ ಕೇಳಿಸುತ್ತಿದ್ದರೆ, ಒಬ್ಬರೇ ಕೂತು ಅಭ್ಯಾಸ ಮಾಡಿ ತಪ್ಪನ್ನು ಗಟ್ಟಿ ಮಾಡಿಕೊಳ್ಳಬೇಡಿ. ಬರವಣಿಗೆಯ ಪರೀಕ್ಷೆಗೆಂದೇ ಓದಿ ಬಂದವರಲ್ಲಿ ಇದು ಸಾಮಾನ್ಯ. ತಿದ್ದುವವರ ಎದುರು ಗಟ್ಟಿಯಾಗಿ ಓದಬೇಕು. ಬೆಂಗಳೂರಿನಲ್ಲಿದ್ದರೆ ಅಲಿಯಾನ್ಸ್ ಫ್ರಾನ್ಸೇಸ್‌ನಂಥ ಕಡೆ ತರಗತಿಗಳಿವೆ.

ಓದಲೆಂದೋ ಕೆಲಸಕ್ಕೆಂದೋ ಫ್ರಾನ್ಸಿಗೆ ಹೋಗಿ ಮನೆ ಹುಡುಕುವವರಿಗೆ ಕೊನೆಯದೊಂದು. ಬಾಡಿಗೆಗೆ ಕೊಡುವುದಕ್ಕೂ ಲುವೆ, ತೆಗೆದುಕೊಳ್ಳುವುದಕ್ಕೂ ಲುವೆ. ಇಲ್ಲಿ ಗೆರೆಯಾಗಲಿ ಎಸ್ ಆಗಲಿ ಕಾಪಾಡುವುದಿಲ್ಲ. ಕರಾರುಪತ್ರದಲ್ಲಿ ಮಾಲೀಕರಾದ ಪ್ರೊಪ್ರಿಯೆತೇರ್ ಯಾರು, ಬಾಡಿಗೆದಾರರಾದ ಲೊಕಾತೇರ್ ಯಾರು ಎಂಬ ಎರಡು ಹೆಸರನ್ನು ಬೆರಳಿಟ್ಟು ಗುರುತಿಸಿ, ತಿಳಿದವರಿಂದ ಒಮ್ಮೆ ಓದಿಸಿ, ಆಮೇಲೆ ಸಹಿ ಹಾಕಿ.